ತೂಕದ ಹೊತ್ತಿಗೆ ಬಂದು ನೋಡಿ, ಆಮೇಲೆ ಆ್ಯಪ್ ಮಾಡಿ

"ನಮ್ಮ ಜನಕ್ಕೆ ಆ್ಯಪ್ ಬಳಸೋಕೆ ಬರಲ್ಲ, ಟ್ರೈನಿಂಗ್ ಕೊಡ್ಬೇಕು" ಅನ್ನುವ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ನಾನು ಸಾಫ್ಟ್‌ವೇರ್ ಡಿಸೈನ್ ಮಾಡುವವನು. ಊರು ಮೂಡಿಗೆರೆ ಕಡೆ. ಅಷ್ಟು ಜನ ಒಂದೇ ಕಡೆ ಎಡವುತ್ತಿದ್ದರೆ, ಆ್ಯಪ್ ಮಾಡಿದವರು ಬಳಸುವವರ ಕೆಲಸವನ್ನೇ ನೋಡಿಲ್ಲ.

ನಮ್ಮ ಕಡೆಯ ಒಂದು ಕಾಫಿ ತೋಟಕ್ಕೆ ಚೆಕ್‌ರೋಲ್, ಅಂದರೆ ಆಳುಗಳ ಕೆಲಸ-ಕೂಲಿಯ ಲೆಕ್ಕ ಬರೆಯುವ ಪುಸ್ತಕದ ಬದಲು ಆ್ಯಪ್ ಬಂತು. ಕುಯ್ಲಿನ ಕಾಲ. ಸಂಜೆ ತೂಕಕ್ಕೆ ಹೆಂಗಸರು ಚೀಲ ಇಟ್ಟುಕೊಂಡು ಸಾಲಾಗಿ ನಿಂತಿರುತ್ತಾರೆ. ತೋಟದ ಲೆಕ್ಕ ಬರೆಯುವ ರೈಟರ್ ಕೈಯಲ್ಲಿ ಫೋನು, ಬೆರಳಿಗೆ ಹಣ್ಣಿನ ಅಂಟು. ಒಂದೆರಡು ಹನಿ ಬಿದ್ದರಂತೂ ಮುಟ್ಟಿದ್ದು ಒಂದು ಕಡೆ, ಒತ್ತಿಕೊಳ್ಳುವುದು ಇನ್ನೊಂದು ಕಡೆ. ಒಬ್ಬರ ತೂಕ ಹಾಕೋಕೆ ನಾಲ್ಕು ಪುಟ ದಾಟಬೇಕು. ಪಟ್ಟಿಯಲ್ಲಿ ಲಕ್ಷ್ಮಿ ಅಂತಲೇ ಮೂವರಿದ್ದಾರೆ, ಯಾರದ್ದೂ ಫೋಟೋ ಇಲ್ಲ. ತಪ್ಪು ಒತ್ತಿದರೆ ತಿದ್ದೋಕೆ ದಾರಿಯಿಲ್ಲ. ಕೂಲಿ ಕಿಲೋ ಲೆಕ್ಕದಲ್ಲಿ. ಒಂದು ಅಂಕಿ ಹೆಚ್ಚುಕಡಿಮೆ ಆದರೆ ಒಬ್ಬರ ಸಂಬಳಕ್ಕೇ ಕತ್ತರಿ.

ಇದಕ್ಕಿಂತ ಜಾಸ್ತಿ ಬೇಜಾರಾಗಿದ್ದು ಇನ್ನೊಂದು. ಮೊದಲು ತೂಕವನ್ನು ಕೂಗಿ ಹೇಳುತ್ತಿದ್ದರು. "ಲಕ್ಷ್ಮೀ, ನಲವತ್ತೆರಡು!" ಅವರಿಗೂ ಕೇಳಿಸುತ್ತಿತ್ತು, ಹಿಂದೆ ನಿಂತವರಿಗೂ ಕೇಳಿಸುತ್ತಿತ್ತು. ಲೆಕ್ಕಕ್ಕೆ ಸಾಲೆಲ್ಲ ಸಾಕ್ಷಿ. ಆ್ಯಪ್ ಬಂದ ಮೇಲೆ ರೈಟರ್ ತಲೆ ತಗ್ಗಿಸಿ ಸುಮ್ನೆ ಒತ್ತುತ್ತಾರೆ. "ಎಷ್ಟು ಹಾಕಿದ್ರಿ?" ಅಂತ ಒಬ್ಬೊಬ್ಬರೂ ಕೇಳಬೇಕು. ಫೋನ್ ಹಿಡಿದವರಷ್ಟೇ ಬಳಕೆದಾರರು ಅಂದುಕೊಂಡು ಮಾಡಿದರೆ ಹೀಗೇ ಆಗುತ್ತದೆ. ಚೀಲ ತಂದವರೂ ಬಳಕೆದಾರರೇ. ಕನ್ನಡವನ್ನು ಓದಿ ಹೇಳುವ ಸೌಲಭ್ಯ ಇವತ್ತು ಫೋನಿನಲ್ಲೇ ಇದೆ. ಹೆಸರನ್ನೂ ತೂಕವನ್ನೂ ಜೋರಾಗಿ ಹೇಳಿಸಬಹುದಿತ್ತು. ಅಸ್ಸಾಮಿನಿಂದ ಕೆಲಸಕ್ಕೆ ಬಂದವರಿಗೆ ಅವರ ಭಾಷೆಯಲ್ಲೇ ಹೇಳಿಸುವುದನ್ನೂ ಯೋಚಿಸಬಹುದಿತ್ತು.

ಗೇಮ್ ಮಾಡುವವರನ್ನು ನೋಡಿ. ಪ್ಲೇಟೆಸ್ಟ್ ಅಂತ ಮಾಡುತ್ತಾರೆ. ಆಡುವವರ ಪಕ್ಕ ಬಾಯಿ ಮುಚ್ಚಿಕೊಂಡು ಕೂತು, ಎಲ್ಲಿ ಸಿಕ್ಕಿಹಾಕಿಕೊಂಡರು ಅಂತ ಬರೆದುಕೊಳ್ಳುತ್ತಾರೆ. ಕಷ್ಟ ಆಟದಲ್ಲಿರಬೇಕು, ಬಟನ್ ಹುಡುಕುವುದರಲ್ಲಲ್ಲ ಅನ್ನುವುದು ಅವರಿಗೆ ಗೊತ್ತು. 2018ರಲ್ಲಿ ಬಂದ 'ಸೆಲೆಸ್ಟ್' ತುಂಬಾ ಕಷ್ಟದ ಗೇಮ್. ಆದರೂ ಬೇಕಾದವರು ಆಟದ ವೇಗವನ್ನೇ ತಗ್ಗಿಸಿಕೊಳ್ಳಬಹುದು. ಅದೇ ವರ್ಷ ಮೈಕ್ರೋಸಾಫ್ಟ್, ಕೈ ಸರಿಯಾಗಿ ಆಡದವರಿಗೆ ಅಂತಲೇ ದೊಡ್ಡ ಬಟನ್‌ಗಳ ಎಕ್ಸ್‌ಬಾಕ್ಸ್ ಕಂಟ್ರೋಲರ್ ತಂದಿತು. ಗೇಮ್ ಹಿಡಿಸದಿದ್ದರೆ ಹುಡುಗರು ಎರಡು ನಿಮಿಷದಲ್ಲಿ ಡಿಲೀಟ್ ಮಾಡುತ್ತಾರೆ, ಆ ಭಯ ಗೇಮ್ ಮಾಡುವವರಿಗಿದೆ.

ರೈಟರ್ ಡಿಲೀಟ್ ಮಾಡೋಕಾಗುತ್ತಾ? ಮಾಲೀಕರು ಹಾಕಿಸಿದ ಆ್ಯಪ್ ಅದು. ಟವರ್ ಸಿಗದ ಮನೆಯಲ್ಲಿ ಒಟಿಪಿಗೆ ಕಾಯುತ್ತಾ ಕೂರುವ ರೈತರಿಗೂ ಬೇರೆ ದಾರಿಯಿಲ್ಲ. ಬಿಟ್ಟು ಹೋಗೋಕಾಗದವರಿಗೆ ಮಾಡುವಾಗಲೇ ಜಾಸ್ತಿ ಕಾಳಜಿ ಬೇಕು, ಅಲ್ವಾ? ಕನ್ನಡದಲ್ಲಿ ಕೊಟ್ಟಿದ್ದೇವೆ ಅನ್ನುತ್ತಾರೆ. ಬಟನ್ ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಮಾಡಿದ್ದು, ಒತ್ತಕ್ಷರ ಅರ್ಧಕ್ಕೇ ಕತ್ತರಿಸಿ ಹೋಗಿರುತ್ತದೆ. ಒಂದು ಸಲ ಯಾರಾದರೂ ಕಣ್ಣಿಟ್ಟು ನೋಡಿದ್ದರೆ ಸಾಕಿತ್ತು.

ಹೀಗೆ ಹೋಗಿ ನೋಡೋಕೆ ದುಡ್ಡಿಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಐದು ಜನ ಬಳಸುವುದನ್ನು ನೋಡಿದರೆ ಹೆಚ್ಚಿನ ತೊಂದರೆಗಳು ಕಣ್ಣಿಗೆ ಬೀಳುತ್ತವೆ ಅಂತ, ಬಳಕೆಗೆ ಸುಲಭವಾದ ಡಿಸೈನ್ ಬಗ್ಗೆ ಹೆಸರು ಮಾಡಿದ ಜೇಕಬ್ ನೀಲ್ಸನ್ 2000ದಲ್ಲೇ ಬರೆದಿದ್ದಾರೆ. ತೋಟಕ್ಕೆ ಆ್ಯಪ್ ಮಾಡುತ್ತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಮೆಸೇಜ್ ಮಾಡಿ. ನಮ್ಮ ಕಡೆ ಅರೇಬಿಕಾ ಕುಯ್ಲು ನವೆಂಬರ್ ಹೊತ್ತಿಗೆ ಶುರುವಾಗುತ್ತದೆ. ತೋಟದವರ ಹತ್ತಿರ ನಾನೇ ಮಾತಾಡುತ್ತೇನೆ. ಲ್ಯಾಪ್‌ಟಾಪ್ ಬೇಡ, ಒಂದು ನೋಟ್‌ಬುಕ್ ತನ್ನಿ.