ಉತ್ತರ ಕೊಟ್ಟವರಿಗೂ ಓದಿ ಹೇಳಿ

ಎಂ.ಎ. ಓದುವಾಗ ಒಬ್ಬರ ಪಿಎಚ್‌.ಡಿ. ಸಂಶೋಧನೆಗೆ ಮಾಹಿತಿ ಸಂಗ್ರಹಿಸಲು ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಮೂರು ವಾರ ತಿರುಗಿದ್ದೆ. ಕೈಯಲ್ಲಿ ಹನ್ನೆರಡು ಪುಟದ ಪ್ರಶ್ನಾವಳಿ. ಒಳಗೆ ಕಣ್ಣು ಬಿಡಲಾಗದಷ್ಟು ಹೊಗೆ. ಕಾದ ಮರಳಿಗೆ ಅಕ್ಕಿ ಬಿದ್ದ ಕೂಡಲೇ ಚಟಚಟ ಅರಳುತ್ತಿತ್ತು. ಮಂಡಕ್ಕಿ ಜರಡಿ ಹಿಡಿಯುತ್ತಿದ್ದ ಅಕ್ಕನ ಪಕ್ಕ ಕೂತು ಓದಿದೆ: “ನನ್ನ ಉದ್ಯೋಗವು ನನಗೆ ತೃಪ್ತಿ ನೀಡುತ್ತದೆ. ಸಂಪೂರ್ಣ ಒಪ್ಪುತ್ತೇನೆ, ಒಪ್ಪುತ್ತೇನೆ, ತಟಸ್ಥ...”

“ತಟಸ್ಥ ಅಂದ್ರೇನಪ್ಪಾ?”

“ಹೂಂನೂ ಅಲ್ಲ, ಊಹೂಂನೂ ಅಲ್ಲ ಅಂತಕ್ಕಾ.”

“ಈ ಕೆಲ್ಸ ಬಿಟ್ರೆ ಮನ್ಯಾಗೆ ಒಲೆ ಹತ್ತಲ್ಲ. ಮಾಡಿದ್ರೆ ರಾತ್ರಿಯೆಲ್ಲಾ ಕೆಮ್ಮು. ಇದಕ್ಕೆ ಯಾವ್ ನಂಬರ್ ಹಾಕ್ತಿ?”

ಮೂರಕ್ಕೆ ಟಿಕ್ ಹಾಕಿದೆ. ಆ ಟಿಕ್ ಸುಳ್ಳು.

ಒಪ್ಪಿಗೆಯ ಮಟ್ಟಕ್ಕೆ ನಂಬರ್ ಕೊಡುವ ಈ ಬಗೆಯ ಅಳತೆಗೋಲನ್ನು ಅಮೆರಿಕದ ಮನೋವಿಜ್ಞಾನಿ ರೆನ್ಸಿಸ್ ಲೈಕರ್ಟ್ 1932ರಲ್ಲಿ ರೂಪಿಸಿದರು. ಸಾವಿರಾರು ಜನರ ಅಭಿಪ್ರಾಯ ಹೋಲಿಸಿ ನೋಡಲು ಅದು ಬೇಕು, ಅದರ ಮೇಲೆ ನನಗೆ ಸಿಟ್ಟಿಲ್ಲ. ನಿಘಂಟು ನೋಡಿ ಕನ್ನಡ ಮಾಡಿ, ಓಣಿಯ ನಾಲ್ಕು ಜನರ ಮುಂದೆ ಒಮ್ಮೆಯೂ ಓದಿ ನೋಡದೆ ನೂರಾರು ಪ್ರತಿ ಜೆರಾಕ್ಸ್ ಮಾಡಿಸುವ ನಮ್ಮ ಅವಸರದ ಮೇಲೆ ಸಿಟ್ಟು.

2010ರಲ್ಲಿ ಸಂಶೋಧಕ ಜೋಸೆಫ್ ಹೆನ್ರಿಕ್ ಮತ್ತು ಸಂಗಡಿಗರು ಒಂದು ಲೆಕ್ಕವನ್ನು ಜಗತ್ತಿನ ಮುಂದಿಟ್ಟರು. ಮನೋವಿಜ್ಞಾನದ ಪ್ರಮುಖ ಜರ್ನಲ್‌ಗಳ ಅಧ್ಯಯನಗಳಲ್ಲಿ ಪಾಲ್ಗೊಂಡವರ ಪೈಕಿ ಶೇ. 96ರಷ್ಟು ಮಂದಿ ಪಾಶ್ಚಾತ್ಯ ಕೈಗಾರಿಕಾ ದೇಶಗಳವರು; ಆ ದೇಶಗಳಲ್ಲಿರುವುದು ಜಗತ್ತಿನ ಶೇ. 12ರಷ್ಟು ಜನ. ನಮ್ಮ ಭಟ್ಟಿಯ ಅಕ್ಕ ಆ ಲೆಕ್ಕದಲ್ಲಿ ಎಲ್ಲಿದ್ದಾಳೆ? ಅದಕ್ಕೇ ಸಂಶೋಧನೆ ನಮ್ಮೂರಲ್ಲಿ ಆಗಬೇಕು, ಇನ್ನೂ ಹೆಚ್ಚು ಆಗಬೇಕು. 2009ರಲ್ಲಿ ದಾವಣಗೆರೆಗೆ ಸ್ವಂತ ವಿಶ್ವವಿದ್ಯಾಲಯ ಬಂದಾಗ ನಾವು ಖುಷಿಪಟ್ಟಿದ್ದು ಬರೀ ಡಿಗ್ರಿಗಲ್ಲ.

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ಮನೆ ಮಾಡಿಕೊಂಡಿದ್ದರು. ಅಷ್ಟು ಪುರುಸೊತ್ತು ಇವತ್ತಿನ ವಿದ್ಯಾರ್ಥಿಗೆ ಇಲ್ಲ, ಒಪ್ಪುತ್ತೇನೆ. ಫೆಲೋಶಿಪ್ ಬಂದರೂ ಕೈಗೆ ತಡವಾಗಿ ಸೇರುತ್ತೆ, ಬರದವರು ಅತಿಥಿ ಉಪನ್ಯಾಸಕರಾಗಿ ಓಡಾಡುತ್ತಾರೆ. ಆದರೆ ಪ್ರಬಂಧ ಮುಗಿದ ಮೇಲೆ ಕನ್ನಡದಲ್ಲಿ ಎರಡು ಪುಟ ಬರೆದು, ಉತ್ತರ ಕೊಟ್ಟವರ ಮುಂದೆ ಕೂತು ಓದಲು ಎಷ್ಟು ಹೊತ್ತು ಬೇಕು? ಸಿನಾಪ್ಸಿಸ್ (ಸಂಶೋಧನೆಯ ಸಾರಾಂಶ) ಕಡ್ಡಾಯ ಅನ್ನುವ ಹಾಗೆ ಇದನ್ನೂ ಕಡ್ಡಾಯ ಮಾಡಿ.

ನಾನು ಕೆಲಸ ಮಾಡಿದ ಆ ಪ್ರಬಂಧ ಇಂಗ್ಲಿಷಲ್ಲಿತ್ತು, ಡಿಗ್ರಿಯೂ ಆಯಿತು. ಹೋದ ತಿಂಗಳು ನಾನೇ ಎರಡು ಪುಟ ಬರೆದುಕೊಂಡು ಭಟ್ಟಿಗೆ ಹೋದೆ. ಅಕ್ಕ ಅಲ್ಲೇ ಇದ್ದಳು. ಜರಡಿ ಪಕ್ಕಕ್ಕಿಟ್ಟು ಕೊನೆವರೆಗೂ ಕೇಳಿದಳು.

“ಎಲ್ಲಾ ಸರಿ ಬರ್ದೀರಪ್ಪಾ. ಹೊಗೆ ವಿಷ್ಯ ಎಲ್ಲೈತೆ?”

ಹಾಳೆ ತಿರುವಿ ನೋಡಿದೆ. ಹನ್ನೆರಡು ಪುಟದ ಪ್ರಶ್ನಾವಳಿಯಲ್ಲಿ ನಾವು ಹೊಗೆಯ ಬಗ್ಗೆ ಕೇಳಿಯೇ ಇರಲಿಲ್ಲ.