ಸತ್ಯಾಂಶ: ಶುಗರ್ ಫ್ರೀ ಬಿಸ್ಕತ್ತು ನಾಯಿಗೂ ಒಳ್ಳೆಯದಾ?

‘ಸಕ್ಕರೆ ಬದಲು ಶುಗರ್ ಫ್ರೀ ಪುಡಿ ಹಾಕಿ ಬಿಸ್ಕತ್ತು ಮಾಡಿ, ನಾಯಿಗೂ ಕೊಡಬಹುದು’ ಎನ್ನುವ ಮೆಸೇಜ್ ಓಡಾಡುತ್ತಿದೆ. ಇದನ್ನು ನಂಬಬೇಡಿ.

ಇಂಥ ಕೆಲವು ಪುಡಿಗಳಲ್ಲಿ ಕ್ಸೈಲಿಟಾಲ್ ಎಂಬ ಸಿಹಿ ಪದಾರ್ಥ ಇರುತ್ತದೆ. ನಾವು ಜಾಸ್ತಿ ತಿಂದರೆ ಹೊಟ್ಟೆ ಕೆಡಬಹುದು, ಅಷ್ಟೆ. ನಾಯಿಯ ಮೈ ಮಾತ್ರ ಅದನ್ನು ಸಕ್ಕರೆ ಎಂದೇ ತಿಳಿದು ಒಮ್ಮೆಲೇ ಇನ್ಸುಲಿನ್ ಸುರಿಸುತ್ತದೆ. ರಕ್ತದ ಸಕ್ಕರೆ ದಿಢೀರ್ ಕುಸಿಯುತ್ತದೆ. ಕೆಲವೊಮ್ಮೆ ಅರ್ಧ ಗಂಟೆಯಲ್ಲೇ ವಾಂತಿ, ತೂರಾಟ, ನಡುಕ ಶುರು. ಹೆಚ್ಚು ತಿಂದರೆ ಲಿವರ್‌ಗೂ ಪೆಟ್ಟು. 10 ಕೆಜಿ ನಾಯಿಗೆ ಸುಮಾರು 1 ಗ್ರಾಂ ಕ್ಸೈಲಿಟಾಲ್ ಸಾಕು, ತೊಂದರೆಯಾಗಲು. ಬೇಯಿಸಿದರೆ ವಿಷ ಹೋಗುತ್ತದೆ ಅನ್ನುವುದೂ ಸುಮ್ನೆ ಮಾತು.

ಪೀನಟ್ ಬಟರ್ ಡಬ್ಬಿಯ ಮೇಲೂ ಕ್ಸೈಲಿಟಾಲ್ ಹೆಸರು ಇದೆಯಾ ನೋಡಿ. ಒಣದ್ರಾಕ್ಷಿ, ಚಾಕೊಲೇಟ್ ಕೂಡ ಬೇಡ. ನಾಯಿಗೆ ಸಿಹಿ ಬೇಕೇ ಇಲ್ಲ, ಆಸೆ ನಮ್ಮದು ಅಲ್ವಾ? ತಿಂದುಬಿಟ್ಟಿದ್ದರೆ ಕಾಯದೆ ಪಶುವೈದ್ಯರಿಗೆ ಫೋನ್ ಮಾಡಿ.