ಮೆಣಸಿನಕಾಯಿ ನೋಡಿ ಊರು ಆರಿಸಿ

ಮ್ಯಾಡ್ರಿಡ್‌ನಲ್ಲಿ ಮನೆ ಇದ್ದರೆ ಬೇಸಿಗೆ ರಜೆಗೆ ನೆಂಟರು ಬರುವುದು ಗ್ಯಾರಂಟಿ. ಅವರಿಗಿಂತ ಮೊದಲು ವಾಟ್ಸಾಪ್‌ನಲ್ಲಿ ಅವರ ಪಟ್ಟಿ ಬರುತ್ತದೆ. ಬಾರ್ಸಿಲೋನಾ ಮೂರು ದಿನ, ಮ್ಯಾಡ್ರಿಡ್ ಎರಡು ದಿನ, ಆಮೇಲೆ ಸೆವಿಯಾ, ಗ್ರಾನಡಾ. ಪಟ್ಟಿ ತಪ್ಪು ಅಂತ ನಾನು ಹೇಳುವುದಿಲ್ಲ. ಗ್ರಾನಡಾದ ಅಲಂಬ್ರಾ ಅರಮನೆ ನೋಡದೆ ವಾಪಸ್ ಹೋಗಿ ಅಂತ ಯಾವ ಬಾಯಲ್ಲಿ ಹೇಳಲಿ? ಆದರೆ 2024ರಲ್ಲಿ ಸುಮಾರು 9.4 ಕೋಟಿ ವಿದೇಶಿ ಪ್ರವಾಸಿಗರು ಸ್ಪೇನಿಗೆ ಬಂದರು. ಈ ದೇಶದ ಜನಸಂಖ್ಯೆಯೇ ಐದು ಕೋಟಿ ಮುಟ್ಟಿಲ್ಲ. ಬಂದವರು ಸಮುದ್ರ ತೀರ, ದ್ವೀಪಗಳು ಮತ್ತು ಇದೇ ನಾಲ್ಕಾರು ದೊಡ್ಡ ಊರುಗಳಲ್ಲಿ ತುಂಬಿಕೊಳ್ಳುತ್ತಾರೆ. ಆ ವರ್ಷ ಜುಲೈನಲ್ಲಿ ಬಾರ್ಸಿಲೋನಾದ ಜನ ಪ್ರವಾಸಿಗರ ಮೇಲೆ ಆಟದ ಪಿಸ್ತೂಲಿನಿಂದ ನೀರು ಹೊಡೆದದ್ದು ನಮ್ಮ ಟಿವಿಗಳಲ್ಲೂ ಬಂತು.

ಇಷ್ಟು ನೂಕುನುಗ್ಗಲು ಇರುವ ಕಡೆ ಮೊದಲು ಕೆಡುವುದು ಊಟ. ಬಾಗಿಲಲ್ಲೇ ಫೋಟೋ ಹಾಕಿದ ಬೋರ್ಡು, ಅದರಲ್ಲಿ ಹಳದಿ ಪಾಯೆಯಾ, ಪಕ್ಕದಲ್ಲಿ ಒಂದು ಜಗ್ ಸಾಂಗ್ರಿಯಾ, ಅಂದರೆ ಹಣ್ಣು ಹಾಕಿದ ವೈನ್. ಪಾಯೆಯಾ ವೆಲೆನ್ಸಿಯಾ ಕಡೆಯ ಅನ್ನ. ಅದನ್ನು ಮ್ಯಾಡ್ರಿಡ್‌ನ ಪ್ರವಾಸಿ ಬೀದಿಯಲ್ಲಿ ತಿಂದು 'ಸ್ಪೇನ್ ಊಟ ಅಷ್ಟಕ್ಕಷ್ಟೆ' ಅಂದರೆ ಏನು ಹೇಳುವುದು? ನನ್ನ ಸಲಹೆ ಬೇರೆ. ದೊಡ್ಡ ಊರು ಒಂದೆರಡು ನೋಡಿ. ಉಳಿದ ದಿನಗಳಿಗೆ ಊರು ಆರಿಸುವಾಗ ಅಲ್ಲಿ ಯಾವ ಅರಮನೆ ಇದೆ ಅಂತ ನೋಡಬೇಡಿ, ಸುತ್ತಮುತ್ತ ಏನು ಬೆಳೆಯುತ್ತಾರೆ ಅಂತ ನೋಡಿ. ಬೆಳೆ ಚೆನ್ನಾಗಿರುವ ಕಡೆ ಊಟ ಚೆನ್ನಾಗಿರುತ್ತದೆ. ಕಟ್ಟಡಗಳೂ ಇರುತ್ತವೆ, ಯಾಕೆಂದರೆ ಹಿಂದೆ ದುಡ್ಡು ಹುಟ್ಟಿದ್ದು ಆ ಹೊಲಗಳಿಂದಲೇ.

ನಾನು ಹಾವೇರಿ ಕಡೆಯವನು. ಹಾಗಾಗಿ ಮೆಣಸಿನಕಾಯಿಯಿಂದಲೇ ಶುರು ಮಾಡುತ್ತೇನೆ. ಸ್ಪೇನಿನ ಪಶ್ಚಿಮಕ್ಕೆ, ಪೋರ್ಚುಗಲ್ ಗಡಿಗೆ ಅಂಟಿಕೊಂಡು ಎಸ್ತ್ರೆಮದೂರಾ ಅಂತ ಒಂದು ಸೀಮೆ ಇದೆ. ಅಲ್ಲಿ ಗ್ರೆದೋಸ್ ಬೆಟ್ಟಗಳ ಬುಡದಲ್ಲಿ ಲಾ ವೇರಾ ಕಣಿವೆ. ಇಲ್ಲಿನ ಪಿಮೆಂತೋನ್, ಅಂದರೆ ಕೆಂಪು ಮೆಣಸಿನಪುಡಿ, ಸ್ಪೇನಿನ ಎಲ್ಲ ಅಡುಗೆಮನೆಗಳಲ್ಲೂ ಇರುತ್ತದೆ. ಅಮೆರಿಕ ಖಂಡದಿಂದ ಕೊಲಂಬಸ್ ಕಾಲದಲ್ಲಿ ಈ ಕಾಯಿ ಸ್ಪೇನಿಗೆ ಬಂತು. ಆಮೇಲೆ ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕರಾವಳಿಗೂ ಬಂತು. ಬ್ಯಾಡಗಿ ಕಾಯಿಗೂ ವೇರಾ ಕಾಯಿಗೂ ಮೂಲ ಒಂದೇ. ಖಾರಕ್ಕಿಂತ ಬಣ್ಣಕ್ಕೆ ಹೆಸರಾದದ್ದೂ ಎರಡೂ ಕಡೆ ಒಂದೇ.

ಒಣಗಿಸುವ ರೀತಿ ಮಾತ್ರ ಪೂರ್ತಿ ಬೇರೆ. ನಮ್ಮಲ್ಲಿ ಕಣದಲ್ಲಿ ಹರವಿದರೆ ಸಾಕು, ಮಿಕ್ಕಿದ್ದು ಸೂರ್ಯನ ಕೆಲಸ. ವೇರಾದಲ್ಲಿ ಕೊಯ್ಲು ಬರುವ ಹೊತ್ತಿಗೆ ಮಳೆ ಹಿಡಿದಿರುತ್ತದೆ, ಬಿಸಿಲನ್ನು ನಂಬಿ ಕೂರುವಂತಿಲ್ಲ. ಅದಕ್ಕೇ ಅವರು ಹೊಗೆ ಹಿಡಿಸುತ್ತಾರೆ. ಹೊಲದ ಪಕ್ಕದಲ್ಲೇ ಎರಡು ಅಂತಸ್ತಿನ ಕೊಟ್ಟಿಗೆಯಂಥ ಮನೆ. ಕೆಳಗೆ ಓಕ್ ಮರದ ಕೊರಡು, ಉರಿ ಎದ್ದೇಳದ ಹಾಗೆ ಸುಮ್ನೆ ಕನಲುತ್ತಿರಬೇಕು. ಮೇಲಿನ ನೆಲ ಮರದ ಪಟ್ಟಿಗಳದ್ದು, ನಡುವೆ ಸಂದು ಬಿಟ್ಟಿರುತ್ತಾರೆ. ಅದರ ಮೇಲೆ ಕಾಯಿ ರಾಶಿ. ಹತ್ತರಿಂದ ಹದಿನೈದು ದಿನ ಹೊಗೆ ಆ ಸಂದುಗಳಿಂದ ಏರುತ್ತಲೇ ಇರುತ್ತದೆ, ರೈತ ದಿನಾ ಹತ್ತಿ ಹೋಗಿ ಕಾಯಿಗಳನ್ನು ತಿರುವಿ ಹಾಕುತ್ತಾನೆ. ಅಂಥ ಒಂದು ಮನೆಯ ಮೇಲಿನ ಬಾಗಿಲಲ್ಲಿ ನಾನು ನಿಂತಿದ್ದೆ. ಮೊದಲು ಏನೂ ಕಾಣಲಿಲ್ಲ, ಕಣ್ಣಲ್ಲಿ ನೀರು. ಆಮೇಲೆ ಹೊಗೆ ಸ್ವಲ್ಪ ಸರಿದಾಗ ಗೋಡೆಯಿಂದ ಗೋಡೆಗೆ ಕೆಂಪು. ಆ ಅಂಗಿ ಎಷ್ಟು ಒಗೆದರೂ ವಾಸನೆ ಬಿಡಲಿಲ್ಲ, ಹೆಂಡತಿ ಕೊನೆಗೆ ಬಾಲ್ಕನಿಗೆ ಹಾಕಿದಳು.

ಹರಾಯಿಸ್ ಅನ್ನೋ ಪುಟ್ಟ ಊರಿನಲ್ಲಿ ಈ ಪುಡಿಗೇ ಒಂದು ಮ್ಯೂಸಿಯಂ ಇದೆ. ಹತ್ತಿರದಲ್ಲೇ ಯೂಸ್ತೆ ಮಠ. ಅರ್ಧ ಯುರೋಪ್ ಆಳಿದ ಐದನೇ ಕಾರ್ಲೋಸ್ ಸಿಂಹಾಸನ ಬಿಟ್ಟು ಇಲ್ಲಿಗೆ ಬಂದು, 1558ರಲ್ಲಿ ಇಲ್ಲೇ ತೀರಿಕೊಂಡ. ಉಳಿಯಲು ಪ್ಲಾಸೆನ್ಸಿಯಾ ಒಳ್ಳೆಯದು. ಒಂದಕ್ಕೊಂದು ಅಂಟಿಕೊಂಡ ಎರಡು ಕ್ಯಾಥೆಡ್ರಲ್ ಇರುವ ಊರದು, ಮಂಗಳವಾರ ಚೌಕದಲ್ಲಿ ಸಂತೆ. ಅಲ್ಲಿ ಮಿಗಾಸ್ ಕೇಳಿ. ಹಳೇ ಬ್ರೆಡ್ಡನ್ನು ಪುಡಿ ಮಾಡಿ, ನೀರು ಚಿಮುಕಿಸಿ, ಬೆಳ್ಳುಳ್ಳಿ, ಆಲಿವ್ ಎಣ್ಣೆ, ಪಿಮೆಂತೋನ್ ಹಾಕಿ ಬಾಡಿಸುತ್ತಾರೆ. ನಮ್ಮವ್ವ ತಂಗಳು ರೊಟ್ಟಿ ಮುರಿದು ಹಾಕುತ್ತಿದ್ದ ಒಗ್ಗರಣೆಯೇ ಇದು. ಹಂದಿ ಮಾಂಸದ ತುಂಡು ಸೇರಿಸುತ್ತಾರೆ, ಬೇಡ ಅಂತ ಮೊದಲೇ ಹೇಳಬೇಕು. ಸೊರೊಂಗೊಯೊ ಅಂತ ಸುಟ್ಟ ಕೆಂಪು ಮೆಣಸಿನಕಾಯಿಯ ಸಲಾಡ್ ಕೂಡ ಸಿಗುತ್ತದೆ. ಕಾಸೆರೆಸ್ ಕಡೆ ಹೋದರೆ ತೋರ್ತಾ ದೆಲ್ ಕಸಾರ್. ಕುರಿ ಹಾಲಿನ ಚೀಸ್, ಮೇಲಿನ ಮುಚ್ಚಳ ಕೊಯ್ದರೆ ಒಳಗೆ ಗಟ್ಟಿ ಗಂಜಿಯ ಹಾಗೆ ಇರುತ್ತದೆ, ಬ್ರೆಡ್ಡಿನಲ್ಲಿ ಬಳಿದು ತಿನ್ನಬೇಕು. ಚೀಸ್ ಮಾಡಲು ಸಾಮಾನ್ಯವಾಗಿ ಕರುವಿನ ಅಥವಾ ಕುರಿಮರಿಯ ಹೊಟ್ಟೆಯ ರಸದಿಂದ ಹಾಲು ಹೆಪ್ಪುಗಟ್ಟಿಸುತ್ತಾರೆ. ಇದಕ್ಕೆ ಮಾತ್ರ ಒಂದು ಮುಳ್ಳು ಗಿಡದ ಹೂವಿನ ರಸ. ಚೀಸ್ ಮುಟ್ಟಲು ಹಿಂಜರಿಯುವ ನಮ್ಮ ಪಕ್ಕಾ ಸಸ್ಯಾಹಾರಿಗಳು ಇದನ್ನು ಧೈರ್ಯವಾಗಿ ತಿನ್ನಬಹುದು.

ಇನ್ನು ಪೂರ್ವಕ್ಕೆ, ಮುರ್ಸಿಯಾ. ಸುತ್ತ ನಿಂಬೆ, ಟೊಮೆಟೊ, ಅರ್ಟಿಚೋಕ್ ತೋಟಗಳು. 825ರಲ್ಲಿ ಅರಬರು ಕಟ್ಟಿದ ಊರು. ಸೆಗುರಾ ನದಿಯಿಂದ ಕಾಲುವೆ ತೆಗೆದು ನೀರು ಹಂಚುವ ಪದ್ಧತಿ ಆಗಿನದೇ. ಈಗಲೂ ಪ್ರತಿ ಗುರುವಾರ ಊರಿನ ಪುರಸಭೆ ಕಟ್ಟಡದಲ್ಲಿ 'ಒಳ್ಳೆಯ ಜನರ ಸಭೆ' ಸೇರುತ್ತದೆ. ನಿಜವಾಗಲೂ ಅದರ ಹೆಸರೇ ಹಾಗೆ. ಪಕ್ಕದವನು ನನ್ನ ಪಾಳಿಯಲ್ಲಿ ನೀರು ತಿರುಗಿಸಿಕೊಂಡ, ಕಾಲುವೆ ಸ್ವಚ್ಛ ಮಾಡಲಿಲ್ಲ, ಇಂಥ ದೂರುಗಳು. ವಕೀಲರ ಗಲಾಟೆ ಇಲ್ಲ. ಎದುರೆದುರು ಮಾತಾಡಿಸಿ ಬೇಗ ತೀರ್ಪು ಕೊಡುತ್ತಾರೆ. 2009ರಲ್ಲಿ ಯುನೆಸ್ಕೊ ಇದನ್ನೂ ವೆಲೆನ್ಸಿಯಾದ ನೀರಿನ ನ್ಯಾಯಮಂಡಳಿಯನ್ನೂ ಒಟ್ಟಿಗೆ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ವೆಲೆನ್ಸಿಯಾದ್ದು ಕ್ಯಾಥೆಡ್ರಲ್ ಬಾಗಿಲಲ್ಲಿ ನಡೆಯುತ್ತದೆ, ಅಲ್ಲಿ ರೈತರಿಗಿಂತ ಕ್ಯಾಮೆರಾಗಳೇ ಜಾಸ್ತಿ.

ಇದನ್ನು ಕೇಳಿದ ಕೂಡಲೇ ನಮ್ಮವರು ಕಾವೇರಿ ವಿಷಯ ಎತ್ತುತ್ತಾರೆ. ಅದು ಸರಿಯಾದ ಹೋಲಿಕೆ ಅಲ್ಲ. ರಾಜ್ಯ ರಾಜ್ಯಗಳ ಜಗಳ ಬೇರೆ, ತೋಟ ತೋಟಗಳ ಜಗಳ ಬೇರೆ. ಹೋಲಿಸಬೇಕಾದದ್ದು ನಮ್ಮ ಹಳೇ ಮೈಸೂರು ಕಡೆಯ ನೀರುಗಂಟಿಯ ಜೊತೆ. ಕೆರೆಯ ತೂಬು ತೆಗೆದು, ಯಾರ ಗದ್ದೆಗೆ ಎಷ್ಟು ಹೊತ್ತು ಅಂತ ನಿಭಾಯಿಸುತ್ತಿದ್ದವನು ಅವನು. ಕೆರೆ ಇಲಾಖೆಯ ಕೈಗೆ ಹೋಯಿತು, ಬೋರ್‌ವೆಲ್ ಬಂತು, ಬಹಳಷ್ಟು ಊರುಗಳಲ್ಲಿ ನೀರುಗಂಟಿ ಮಾಯವಾದ. ಮುರ್ಸಿಯಾದವರು ಅದೇ ಕೆಲಸವನ್ನು 1849ರಲ್ಲಿ ಬರೆದಿಟ್ಟ ನಿಯಮಗಳ ಪುಸ್ತಕದ ಜೊತೆ ಉಳಿಸಿಕೊಂಡರು. ನನಗೆ ಹೊಟ್ಟೆಕಿಚ್ಚು ಆಗುವುದು ಇಂಥ ಕಡೆ, ಕ್ಯಾಥೆಡ್ರಲ್ ನೋಡಿ ಅಲ್ಲ.

ಆ ನೀರಿನ ಫಲ ತಟ್ಟೆಯಲ್ಲಿ ಕಾಣುತ್ತದೆ. ಸರಂಗೊಯೊ ಅಂದರೆ ಸೌತೆಕಾಯಿಯಂತೆ ಕಾಣುವ ಜುಕಿನಿ, ಈರುಳ್ಳಿ, ಮೊಟ್ಟೆ, ಅಷ್ಟೇ. ಪಾಪರಹೋತೆ ಅಂದರೆ ನಿಂಬೆ ಗಿಡದ ಎಲೆಯನ್ನು ಹಿಟ್ಟಿನಲ್ಲಿ ಅದ್ದಿ ಕರಿದು, ಸಕ್ಕರೆ, ದಾಲ್ಚಿನ್ನಿ ಉದುರಿಸಿದ್ದು. ಎಲೆಯನ್ನು ಎಳೆದು ಪಕ್ಕಕ್ಕಿಡಬೇಕು, ಹೊಸಬರು ಅದನ್ನೂ ಅಗಿಯುವುದನ್ನು ಊರಿನವರು ಕಾದು ನೋಡುತ್ತಾರೆ.

ಲಿಯೋನ್ ಬಗ್ಗೆ ಒಂದೇ ಮಾತು. ಉತ್ತರದ ಈ ಊರಿನಲ್ಲಿ ಒಂದು ಪಾನೀಯ ಕೊಂಡರೆ ತಿನ್ನಲು ಏನಾದರೂ ಬಿಟ್ಟಿ ಬರುತ್ತದೆ. ಒಂದು ಕಡೆ ಬೆಳ್ಳುಳ್ಳಿ ಆಲೂಗಡ್ಡೆ, ಇನ್ನೊಂದು ಕಡೆ ಸೂಪು. ಜನ ನಿಂತೇ ತಿಂದು ಮುಂದಿನ ಬಾರ್‌ಗೆ ನಡೆಯುತ್ತಾರೆ. ನಿಂತು ತಿನ್ನುವುದು ಬೆಂಗಳೂರಿನ ದರ್ಶಿನಿಯಲ್ಲೂ ಇದೆ. ನಾವು ಹತ್ತು ನಿಮಿಷದಲ್ಲಿ ಮುಗಿಸಿ ಆಫೀಸಿಗೆ ಓಡುತ್ತೇವೆ, ಇವರು ಅದನ್ನೇ ಸಂಜೆಪೂರ್ತಿ ಎಳೆಯುತ್ತಾರೆ. ರುಚಿ, ಬೆಲೆ, ವೇಗ ಮೂರರಲ್ಲೂ ದರ್ಶಿನಿಯೇ ಮೇಲು ಅಂತ ನಾನು ಯಾವ ಸ್ಪೇನಿನವನ ಎದುರಿಗೂ ವಾದ ಮಾಡಬಲ್ಲೆ. ಮಾತುಕತೆಯಲ್ಲಿ ಮಾತ್ರ ಸೋಲುತ್ತೇವೆ.

ಸಣ್ಣ ಊರಿನ ತೊಂದರೆಗಳನ್ನೂ ಹೇಳಬೇಕಲ್ವಾ? ಸಸ್ಯಾಹಾರಿ ಅಂದರೆ ಇಲ್ಲಿ ಹಲವರಿಗೆ ಹಮೋನ್, ಅಂದರೆ ಉಪ್ಪು ಹಾಕಿ ಒಣಗಿಸಿದ ಹಂದಿ ತೊಡೆ, ಮಾಂಸದ ಲೆಕ್ಕಕ್ಕೇ ಬರುವುದಿಲ್ಲ. 'ನಿ ಕಾರ್ನೆ, ನಿ ಹಮೋನ್, ನಿ ಪೆಸ್ಕಾದೊ' ಅಂತ ಮಾಂಸ, ಹಮೋನ್, ಮೀನು ಮೂರನ್ನೂ ಬಿಡಿಬಿಡಿಯಾಗಿ ಹೇಳಿ. ಕಾಳಿನ ಸಾರಿನಲ್ಲಿ ಮೂಳೆ ಇದೆಯಾ ಅಂತ ಮತ್ತೊಮ್ಮೆ ಕೇಳಿ. ಮಧ್ಯಾಹ್ನದ ಊಟ ಎರಡರ ಮೇಲೆ, ರಾತ್ರಿಯದು ಒಂಬತ್ತರ ಮೇಲೆ. ಏಳಕ್ಕೇ ಹಸಿದರೆ ಬ್ಯಾಗಿನಲ್ಲಿ ಚಕ್ಕುಲಿ ಇರಲಿ. ವಾರದ ದಿನಗಳಲ್ಲಿ 'ಮೆನು ದೆಲ್ ದಿಯಾ', ಅಂದರೆ ಆ ದಿನದ ಊಟ, ಕೇಳಿದರೆ ಸುಮಾರು 12ರಿಂದ 15 ಯೂರೋಗೆ ಹೊಟ್ಟೆ ತುಂಬುತ್ತದೆ. ಎಸ್ತ್ರೆಮದೂರಾಗೆ ರೈಲು ನಿಧಾನ, ಊರಿನವರೇ ಬೈಯುತ್ತಾರೆ. ಮುರ್ಸಿಯಾಗೆ ಮಾತ್ರ 2022ರ ಡಿಸೆಂಬರ್‌ನಿಂದ ವೇಗದ ರೈಲು ಇದೆ.

ನನ್ನ ಜೊತೆ ಕೆಲಸ ಮಾಡುವವರು ಕರ್ನಾಟಕಕ್ಕೆ ಹೊರಟರೆ ಹಂಪಿ, ಮೈಸೂರಿನ ಜೊತೆಗೆ ಬ್ಯಾಡಗಿ ಅಂತಲೂ ಬರೆದುಕೊಡುತ್ತೇನೆ. ದೇಶದ ದೊಡ್ಡ ಮೆಣಸಿನಕಾಯಿ ಮಾರುಕಟ್ಟೆಗಳಲ್ಲಿ ಅದೂ ಒಂದು, 2011ರಿಂದ ಆ ಕಾಯಿಗೆ ಜಿಐ, ಅಂದರೆ ಊರಿನ ಹೆಸರಿನ ಭೌಗೋಳಿಕ ಗುರುತಿನ, ಮಾನ್ಯತೆಯೂ ಇದೆ. ಲಿಪ್‌ಸ್ಟಿಕ್‌ಗೂ ಅದರ ಬಣ್ಣ ಹೋಗುತ್ತದೆ. ಸೀನುತ್ತಾ ಮಾರುಕಟ್ಟೆ ಸುತ್ತಿ, ಅದೇ ಕಾಯಿಯ ಕೆಂಪು ಚಟ್ನಿ ಜೊತೆ ರೊಟ್ಟಿ ತಿಂದು, ರೈತನ ಕಣ ನೋಡಿ ಬರುವುದಕ್ಕಿಂತ ಒಳ್ಳೆಯ ಪ್ರವಾಸ ಬೇಕಾ? ಆದರೆ ನಮ್ಮ ಪ್ರವಾಸದ ಜಾಹೀರಾತುಗಳು ಇವತ್ತಿಗೂ ಜಲಪಾತ ಮತ್ತು ಗೋಪುರ ದಾಟಿಲ್ಲ. ಜಿಐ ಚೀಟಿ ಮೂಟೆಗೆ ಅಂಟಿತು, ಊರಿಗೆ ಅಂಟಲಿಲ್ಲ.

ಸ್ಪೇನಿಗೆ ಬರುವವರು ಆಗಸ್ಟ್ ಬಿಡಿ. ಮುರ್ಸಿಯಾದಲ್ಲಿ 40 ಡಿಗ್ರಿ ದಾಟುತ್ತದೆ, ಒಳ್ಳೆಯ ಹೋಟೆಲಿನವರೆಲ್ಲ ಬಾಗಿಲು ಹಾಕಿ ಸಮುದ್ರಕ್ಕೆ ಹೋಗಿರುತ್ತಾರೆ. ಅಕ್ಟೋಬರ್‌ನಲ್ಲಿ ಬನ್ನಿ, ದಸರಾ ರಜೆಯೂ ಸಿಗುತ್ತದೆ. ವೇರಾದಲ್ಲಿ ಹೊಗೆ ಏಳುವುದೂ ಆಗಲೇ. ಪ್ಲಾಸೆನ್ಸಿಯಾಗೆ ಮಂಗಳವಾರ, ಮುರ್ಸಿಯಾಗೆ ಗುರುವಾರ ಸಿಗುವ ಹಾಗೆ ಟಿಕೆಟ್ ಮಾಡಿಸಿ. ನಡುವಿನ ಬುಧವಾರ ಮ್ಯಾಡ್ರಿಡ್‌ನಲ್ಲಿ ನಮ್ಮ ಮನೆಯಲ್ಲೇ ಊಟ.